ನಾಲ್ಕೇ ಕಾಯಿ, ಕೊನೆಗೆ ರಾಣಿ ಬೇಡ: ಸಾವೇದ್ರಾ ಪೊಸಿಷನ್

ಬೋರ್ಡ್ ರೆಡಿ. ಮೇಲಿನ ಕ್ಯಾಮೆರಾದಲ್ಲಿ ಕಾಣ್ತಿದೆಯಲ್ಲ, ಒಟ್ಟು ನಾಲ್ಕೇ ಕಾಯಿ. ಅಕ್ಷರ ಅಂದ್ರೆ ಎಡದಿಂದ ಬಲಕ್ಕೆ ಎ ಇಂದ ಎಚ್‌ವರೆಗಿನ ಉದ್ದ ಸಾಲು, ಅಂಕಿ ಅಂದ್ರೆ ಬಿಳಿ ಕಡೆಯಿಂದ ಎಣಿಸೋ ಅಡ್ಡ ಸಾಲು. ಬಿಳಿ ರಾಜ ಬಿ6, ಬಿಳಿ ಕಾಲಾಳು ಸಿ6. ಕಪ್ಪು ರಾಜ ಎ1 ಮೂಲೇಲಿ, ಕಪ್ಪು ಆನೆ ಡಿ5ರಲ್ಲಿ. ನಡೆ ಬಿಳಿದು, ಗೆಲ್ಲಬೇಕು. ಪ್ರಶ್ನೆ ಅಷ್ಟೇ.

ಇದು ಎಂಡ್‌ಗೇಮ್ ಸ್ಟಡಿ. ಪೇಪರಲ್ಲಿ ಬರೋ 'ಎರಡು ನಡೆಯಲ್ಲಿ ಮೇಟ್ ಮಾಡಿ' ಥರದ್ದಲ್ಲ. ಇಲ್ಲಿ ನಡೆ ಎಷ್ಟು ಅಂತ ಯಾರೂ ಹೇಳಲ್ಲ. ಗೆಲ್ಲಿ, ಇಲ್ಲಾ ಡ್ರಾ ಮಾಡಿ, ಅಷ್ಟೇ. ಆದ್ರೆ ಬಿಳಿಗೆ ದಾರಿ ಒಂದೇ ಇರ್ಬೇಕು. ಬೇರೆ ದಾರೀಲೂ ಕೆಲಸ ಆಯ್ತು ಅಂದ್ರೆ ಅದನ್ನ 'ಕುಕ್' ಅಂತಾರೆ, ಆ ಸ್ಟಡಿ ಕೆಟ್ಟ ಹಾಗೆ.

ಮೊದಲ ನಡೆ ಕಾಲಾಳು ಸಿ7, ಅದ್ರಲ್ಲಿ ಯೋಚನೆ ಏನೂ ಇಲ್ಲ. ಇನ್ನೊಂದು ಹೆಜ್ಜೆ ಇಟ್ಟು ಎಂಟನೇ ಸಾಲು ಮುಟ್ಟಿದ್ರೆ ಅದನ್ನ ರಾಣಿ ಅಥವಾ ಬೇರೆ ಕಾಯಿ ಮಾಡ್ಕೋಬಹುದು. ಕಪ್ಪು ಆನೆ ಡಿ6ಕ್ಕೆ ಬಂದು ಚೆಕ್ ಕೊಡುತ್ತೆ. ಈಗ ರಾಜ ಎಲ್ಲಿಗೆ? ಬಿ7ಕ್ಕೆ ಹೋದ್ರೆ ಆನೆ ಡಿ7ಕ್ಕೆ ಬಂದು ಕಾಲಾಳನ್ನ ಪಿನ್ ಮಾಡುತ್ತೆ (ಕಾಲಾಳು ಸರಿದ್ರೆ ರಾಜನಿಗೆ ಚೆಕ್, ಹಾಗಾಗಿ ಅಲ್ಲಾಡೋ ಹಾಗಿಲ್ಲ), ಆಮೇಲೆ ತಾನೂ ಸತ್ತು ಅದನ್ನೂ ತೆಗೆದುಬಿಡುತ್ತೆ, ಡ್ರಾ. ಸಿ5ಕ್ಕೆ ಹೋದ್ರೆ ಆನೆ ಡಿ1ಕ್ಕೆ ಇಳಿಯುತ್ತೆ. ನೀವು ರಾಣಿ ಮಾಡಿದ ತಕ್ಷಣ ಸಿ1ರಿಂದ ಚೆಕ್, ರಾಜ ಪಕ್ಕಕ್ಕೆ ಸರಿದ್ರೆ ಹಿಂದಿರೋ ರಾಣಿ ಹೋಯ್ತು. ಅದಕ್ಕೇ ರಾಜ ಸಿ ಸಾಲಿಗೆ ಕಾಲಿಡದೆ ಬಿ ಸಾಲಲ್ಲೇ ಇಳೀಬೇಕು. ಬಿ5, ಚೆಕ್. ಬಿ4, ಚೆಕ್. ಬಿ3, ಚೆಕ್. ಈಗ ಸಿ2. ಇಲ್ಲಿ ಮಾತ್ರ ಸಿ ಸಾಲು ಕ್ಷೇಮ, ಯಾಕಂದ್ರೆ ಸಿ1 ಮತ್ತು ಡಿ1 ಎರಡನ್ನೂ ರಾಜನೇ ಕಾಯ್ತಿದ್ದಾನೆ.

ಕಪ್ಪು ಸೋತ ಹಾಗೆ ಕಾಣುತ್ತೆ, ಅಲ್ವಾ? ಆದ್ರೆ ಆನೆ ಡಿ4ಕ್ಕೆ ಬರುತ್ತೆ. ಇದು ಬಲೆ. ಈಗ ರಾಣಿ ಮಾಡಿದ್ರೆ ಆನೆ ಸಿ4ಕ್ಕೆ ಬಂದು ಚೆಕ್, ರಾಣಿ ಅದನ್ನ ಹೊಡೀಲೇಬೇಕು. ಹೊಡೆದ ಮೇಲೆ ಮೂಲೆ ನೋಡಿ: ಎ2 ಮನೆ ರಾಣಿ ಹಿಡಿತದಲ್ಲಿ, ಬಿ1, ಬಿ2 ರಾಜನ ಹಿಡಿತದಲ್ಲಿ. ಕಪ್ಪಿಗೆ ಒಂದು ನಡೇನೂ ಇಲ್ಲ, ಚೆಕ್ಕೂ ಇಲ್ಲ, ಅಂದ್ರೆ ಡ್ರಾ. ಸ್ಟೇಲ್‌ಮೇಟ್.

ಇಲ್ಲಿ ನಿಲ್ಲಿಸ್ತೀನಿ, ಯಾಕಂದ್ರೆ ಫೋನಲ್ಲಿ ಇದನ್ನ ಬಿಡಿಸೋರಿಗೆ ಆಗೋ ಕಿರಿಕಿರಿ ಇಲ್ಲೇ ಇರೋದು. ಎಷ್ಟೋ ಆ್ಯಪ್‌ಗಳಲ್ಲಿ 'ಆಟೋ ಕ್ವೀನ್' ಮೊದಲೇ ಆನ್ ಆಗಿರುತ್ತೆ. ಕಾಲಾಳು ಎಂಟನೇ ಸಾಲು ಮುಟ್ಟಿದ ತಕ್ಷಣ, ನಿಮ್ಮನ್ನ ಒಂದು ಮಾತೂ ಕೇಳದೆ ರಾಣಿ ಮಾಡಿಬಿಡುತ್ತೆ. ಅರ್ಧ ಗಂಟೆ ತಲೆ ಕೆಡಿಸ್ಕೊಂಡು ಸರಿಯಾದ ನಡೆ ಕಂಡುಹಿಡಿದಿರ್ತೀರಿ, ಸ್ಕ್ರೀನ್ ಮೇಲೆ ಮಾತ್ರ 'ತಪ್ಪು' ಅಂತ ಬರುತ್ತೆ. ಹೊಸಬರು ತಮ್ಮ ಲೆಕ್ಕವೇ ತಪ್ಪು ಅಂದ್ಕೊಂಡು ಬಿಟ್ಟುಬಿಡ್ತಾರೆ. ಸ್ಟಡಿಗಳಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ, ಬೋರ್ಡ್ ಅಥವಾ ಗೇಮ್ ವಿಭಾಗದಲ್ಲಿ ಇರುತ್ತೆ, ಆಫ್ ಮಾಡಿ. ಆಫ್ ಮಾಡಿದ ಮೇಲೂ ಹುಷಾರು: ನಾಲ್ಕು ಕಾಯಿಯ ಚಿಕ್ಕ ಪಟ್ಟಿ ಬರುತ್ತೆ, ಅದ್ರಲ್ಲಿ ಸಾಮಾನ್ಯವಾಗಿ ರಾಣಿಯೇ ಬೆರಳಿಗೆ ಹತ್ರ. ಅವಸರದಲ್ಲಿ ಮುಟ್ಟಿದ್ರೆ ಮತ್ತೆ ಅದೇ ಕಥೆ. ಬುಲೆಟ್, ಅಂದ್ರೆ ಒಂದೆರಡು ನಿಮಿಷದ ಆಟ, ಆಡೋರಿಗೆ ಆಟೋ ಕ್ವೀನ್ ಬೇಕು, ಒಪ್ತೀನಿ. ಪಜಲ್ ವಿಭಾಗದಲ್ಲಿ ಅದು ಇರಲೇಬಾರದು.

ಮರದ ಬೋರ್ಡಲ್ಲೂ ಇದೇ ಥರದ್ದೊಂದು ಇದೆ. ಎರಡನೇ ರಾಣಿ ಇಲ್ಲ ಅಂತ ಆನೇನ ತಲೆಕೆಳಗಾಗಿ ಇಟ್ಟು 'ಇದೇ ರಾಣಿ' ಅಂತಾರಲ್ಲ, ಟೂರ್ನಮೆಂಟಲ್ಲಿ ಹಾಗೆ ಮಾಡ್ಬೇಡಿ. ಉಲ್ಟಾ ಇಟ್ರೂ ಆನೆ ಆನೆಯೇ. 2017ರ ಕೆನಡಾ ಚಾಂಪಿಯನ್‌ಶಿಪ್‌ನ ಪ್ಲೇಆಫ್‌ನಲ್ಲಿ ಆರ್ಬಿಟರ್ (ಪಂದ್ಯದ ತೀರ್ಪುಗಾರ) ಇದನ್ನೇ ತೀರ್ಪು ಕೊಟ್ರು, ಆಟಗಾರನಿಗೆ ರಾಣಿ ಸಿಗಲಿಲ್ಲ. ಗಡಿಯಾರ ನಿಲ್ಲಿಸಿ, ಆರ್ಬಿಟರ್ ಹತ್ರ ಕಾಯಿ ಕೇಳಿ ತಗೊಳ್ಳಿ.

ಸರಿ, ಬೋರ್ಡಿಗೆ ವಾಪಸ್, ಶಾಟ್ ಮುಗೀತಾ ಬಂತು. ಸಿ8ರಲ್ಲಿ ಆನೆ! ಈಗ ಕಪ್ಪು ಸಿ4ರಲ್ಲಿ ಚೆಕ್ ಕೊಟ್ರೆ ನಮ್ಮ ಆನೆ ಅದನ್ನ ಹೊಡೆಯುತ್ತೆ, ಎ2 ಮನೆ ಖಾಲಿ ಇರೋದ್ರಿಂದ ಸ್ಟೇಲ್‌ಮೇಟ್ ಆಗಲ್ಲ. ಇನ್ನೊಂದ್ಕಡೆ ಎ8ರಿಂದ ಚೆಕ್ ಕೊಡೋ ಬೆದರಿಕೆ, ಅದನ್ನ ತಡೆಯೋಕೆ ಕಪ್ಪು ಆನೆ ಎ4ಕ್ಕೆ ಬರಲೇಬೇಕು. ಆಗ ರಾಜ ಬಿ3. ಸದ್ದಿಲ್ಲದ ನಡೆ, ಚೆಕ್ ಕೂಡ ಅಲ್ಲ. ಎ4ರ ಆನೆ ಮೇಲೂ ಕಣ್ಣು, ಸಿ1ರಲ್ಲಿ ಮೇಟ್ ಮೇಲೂ ಕಣ್ಣು. ಒಂದನ್ನ ತಡೆದ್ರೆ ಇನ್ನೊಂದು ಬೀಳುತ್ತೆ.

ಇದರ ಮೂಲ 1875ರಲ್ಲಿ ಫೆಂಟನ್ ಮತ್ತು ಪಾಟರ್ ಆಡಿದ ಆಟ, ಡ್ರಾ ಅಂತ ಮುಗಿದಿತ್ತು. 1895ರಲ್ಲಿ ಬಾರ್ಬಿಯೆ ಅನ್ನೋ ಅಂಕಣಕಾರರು ಗ್ಲಾಸ್ಗೋದ 'ವೀಕ್ಲಿ ಸಿಟಿಜನ್' ಪತ್ರಿಕೆಯ ತಮ್ಮ ಚೆಸ್ ಅಂಕಣದಲ್ಲಿ ಇದನ್ನ ನೆನಪಿಂದ ಜೋಡಿಸಿ ಹಾಕಿದ್ರು. ಅವರು ಕೇಳಿದ್ದು 'ಕಪ್ಪು ಹೇಗೆ ಡ್ರಾ ಮಾಡುತ್ತೆ' ಅಂತ. ಈಗಷ್ಟೇ ನೋಡಿದ ಸ್ಟೇಲ್‌ಮೇಟೇ ಅವರ ಉತ್ತರ. ಅದೇ ಊರಲ್ಲಿದ್ದ ಸ್ಪೇನ್ ದೇಶದ ಪಾದ್ರಿ ಫರ್ನಾಂಡೊ ಸಾವೇದ್ರಾ, ಇಲ್ಲ, ಆನೆ ಮಾಡಿದ್ರೆ ಬಿಳಿ ಗೆಲ್ಲುತ್ತೆ ಅಂತ ತೋರಿಸಿದ್ರು. ಚೆಸ್‌ನಲ್ಲಿ ಅವರ ಹೆಸರು ಉಳಿದಿರೋದು ಆ ಒಂದು ನಡೆಯಿಂದ.

ಪಟ್ಟು ಹಿಡಿದು ನೋಡೋರಿಗೆ ಒಂದು ಮಾತು: ನಾಲ್ಕನೇ ನಡೇಲಿ ರಾಜ ಬಿ3 ಬದಲು ಸಿ3ಕ್ಕೆ ಹೋದ್ರೂ ಗೆಲುವೇ. ಆನೆ ಡಿ1ಕ್ಕೆ ಇಳಿದ್ರೆ ರಾಜ ಸಿ2ಕ್ಕೆ ಬಂದು ಅದನ್ನ ಅಟ್ಟುತ್ತಾನೆ. ಆನೆ ಡಿ4ಕ್ಕೆ ಬಂದ್ರೆ ಅದೇ ಪೊಸಿಷನ್. ಕೊನೇಲಿ ಅಲ್ಲಿಗೇ ಬಂದು ಸೇರೋದ್ರಿಂದ ಇದು ಸಣ್ಣ ಕಲೆ, ಕುಕ್ ಅಲ್ಲ. ಇಂಥವನ್ನ ಹುಡುಕೋಕೆ ಟೇಬಲ್‌ಬೇಸ್ ಅನ್ನೋ ಕಂಪ್ಯೂಟರ್ ದತ್ತಾಂಶ ಇದೆ, ಏಳು ಕಾಯಿವರೆಗಿನ ಪೊಸಿಷನ್‌ಗಳಿಗೆ ಖಚಿತ ಉತ್ತರ ಕೊಡುತ್ತೆ. ನೀವು ಬಿಡಿಸುವಾಗ ಮಾತ್ರ ಅದನ್ನ ತೆರೀಬೇಡಿ. ಮೊದಲು ಸೋಲೋ ನಡೆಗಳನ್ನ ಹುಡುಕಿ, ಯಾಕೆ ಸೋತ್ವಿ ಅಂತ ಗೊತ್ತಾದ್ರೆ ಗೆಲ್ಲೋ ನಡೆ ತಾನೇ ಕಾಣುತ್ತೆ.

ಇದಕ್ಕಿಂತ ಚೆಂದದ ಸ್ಟಡಿ ಇಲ್ಲ ಅಂತ ಹೇಳೋಣ ಅಂದ್ಕೊಂಡಿದ್ದೆ. ಆದ್ರೆ ಈಗ ಜೋಡಿಸ್ತಿರೋದನ್ನ ನೋಡಿದ್ರೆ ಹಾಗನ್ನೋಕೆ ಬಾಯಿ ಬರ್ತಿಲ್ಲ. ರಿಚರ್ಡ್ ರೇಟಿ ಅನ್ನೋ ಆಟಗಾರ ರಚಿಸಿದ ಸ್ಟಡಿ, 1921. ಬಿಳಿ ರಾಜ ಎಚ್8, ಕಾಲಾಳು ಸಿ6. ಕಪ್ಪು ರಾಜ ಎ6, ಕಾಲಾಳು ಎಚ್5. ಬಿಳಿ ನಡೆದು ಡ್ರಾ ಮಾಡ್ಬೇಕು. ಕಪ್ಪು ಕಾಲಾಳನ್ನ ಬೆನ್ನಟ್ಟಿದ್ರೆ ಎರಡು ನಡೆ ತಡ. ತನ್ನ ಕಾಲಾಳನ್ನ ಕಾಪಾಡೋಣ ಅಂದ್ರೆ ಕಪ್ಪು ರಾಜ ಎರಡೇ ಹೆಜ್ಜೇಲಿ ಅದನ್ನ ತಿನ್ನುತ್ತಾನೆ. ಒಂದೊಂದೇ ಕೆಲಸ ಹಿಡಿದ್ರೆ ಎರಡೂ ಆಗಲ್ಲ.

ರಾಜ ಓರೆಯಾಗಿ ಇಳೀತಾನೆ: ಜಿ7, ಎಫ್6, ಇ5. ಚೆಸ್ ಬೋರ್ಡಲ್ಲಿ ಓರೆ ದಾರಿ ಉದ್ದ ಅಲ್ಲ. ಎಚ್8ರಿಂದ ನೇರ ಎಚ್5ಕ್ಕೆ ಹೋದ್ರೂ ಮೂರು ನಡೆ, ಇ5ಕ್ಕೆ ಬಂದ್ರೂ ಮೂರು ನಡೆ. ಅಷ್ಟರಲ್ಲಿ ಕಪ್ಪು ಕಾಲಾಳು ಎಚ್4ರಲ್ಲಿ, ಕಪ್ಪು ರಾಜ ಬಿ6ರಲ್ಲಿ. ಅವನು ಸಿ6 ಹೊಡೆದ್ರೆ ನಮ್ಮ ರಾಜ ಎಫ್4, ಜಿ3 ಅಂತ ಹೋಗಿ ಕಾಲಾಳನ್ನ ಹಿಡೀತಾನೆ. ಕಾಲಾಳು ಎಚ್3ಕ್ಕೆ ಓಡಿದ್ರೆ ರಾಜ ಡಿ6, ಆಮೇಲೆ ಕಾಲಾಳು ಸಿ7, ಕಪ್ಪು ರಾಜ ಬಿ7, ನಮ್ಮ ರಾಜ ಡಿ7. ಇಬ್ಬರಿಗೂ ರಾಣಿ, ಡ್ರಾ.

ಈಗ ಕಪ್ಪು ಕಾಲಾಳನ್ನ ಎಚ್5ರ ಬದಲು ಎಚ್4ರಲ್ಲಿ ಇಟ್ಟು ಶುರು ಮಾಡ್ತೀನಿ, ನೋಡಿ. ಜಿ7, ಎಚ್3. ಎಫ್6, ಎಚ್2. ಇನ್ನೊಂದು ಹೆಜ್ಜೆ ಇಡೋಷ್ಟರಲ್ಲಿ ಕಪ್ಪು ರಾಣಿ, ನಮ್ಮ ಕಾಲಾಳು ಇನ್ನೂ ಸಿ6ರಲ್ಲೇ. ಒಂದೇ ಒಂದು ಮನೆ ವ್ಯತ್ಯಾಸ, ಪೂರ್ತಿ ಸೋಲು. ಡಯಾಗ್ರಾಂ ನೋಡಿ ಜೋಡಿಸುವಾಗ ಬಲಗೈ ಮೂಲೆ ಬಿಳಿ ಮನೆ ಇದೆಯಾ ಅಂತ ಮೊದಲು ನೋಡಿ, ಆಮೇಲೆ ಪ್ರತಿ ಕಾಯಿ ಮನೇನ ಎರಡು ಸಲ ಎಣಿಸಿ.

ಎಚ್5ಕ್ಕೆ ವಾಪಸ್ ಇಟ್ಟೆ. ಈಗ ಮತ್ತೆ ಡ್ರಾ.