ತೋಟದ ನೆರಳಿನಲ್ಲಿ ಮಗುವಿನ ಮುಖ

ನಮಸ್ಕಾರ. ಪರದೆಯ ಮೇಲಿರುವ ಈ ಚಿತ್ರದಲ್ಲಿ ಮಗುವಿನ ಕೆನ್ನೆಯನ್ನು ಗಮನಿಸಿ. ಸಿಲ್ವರ್ ಓಕ್ ಮರಗಳ ಎಲೆಗಳ ನಡುವಿನಿಂದ ಇಳಿದ ಬಿಸಿಲು ಹಣೆಯ ಮೇಲೊಂದು, ಮೂಗಿನ ಪಕ್ಕದಲ್ಲೊಂದು ಬಿಳಿ ಚುಕ್ಕೆಯಾಗಿ ಬಿದ್ದಿದೆ; ಉಳಿದ ಮುಖವೆಲ್ಲ ಹಸಿರು ಛಾಯೆಯ ನೆರಳಿನಲ್ಲಿದೆ. ವಿರಾಜಪೇಟೆ ಕಡೆಯ ಸ್ನೇಹಿತರೊಬ್ಬರು ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ಸಮಯದಲ್ಲಿ ತಮ್ಮ ಮಗನ ಚಿತ್ರಗಳನ್ನು ಮನೆಯ ಕಾಫಿ ತೋಟದಲ್ಲೂ ಒಂದನ್ನು ಮಡಿಕೇರಿಯಲ್ಲೂ ತೆಗೆದು, ಮುಲಾಜಿಲ್ಲದೆ ಅಭಿಪ್ರಾಯ ಹೇಳಬೇಕೆಂದು ಕೇಳಿದ್ದಾರೆ. ಅವರ ಒಪ್ಪಿಗೆಯಿಂದಲೇ ಅವುಗಳನ್ನು ಇಲ್ಲಿ ತೋರಿಸುತ್ತಿದ್ದೇನೆ.

ನನ್ನ ಮುಖ್ಯವಾದ ಮಾತು ಕ್ಯಾಮೆರಾದ ಬಗ್ಗೆ ಅಲ್ಲ, ಮಗುವನ್ನು ನಿಲ್ಲಿಸಿದ ಜಾಗದ ಬಗ್ಗೆ. ಕಾಫಿ ತೋಟದ ಒಳಗೆ ಬೆಳಕು ತುಂಡು ತುಂಡಾಗಿ ಬೀಳುತ್ತದೆ. ಜೊತೆಗೆ ಸುತ್ತಲಿನ ಎಲೆಗಳಿಂದ ಪ್ರತಿಫಲಿಸಿದ ಹಸಿರು ಚರ್ಮಕ್ಕೂ ಹತ್ತುತ್ತದೆ. ಆ ಹಸಿರನ್ನು ವೈಟ್ ಬ್ಯಾಲೆನ್ಸ್, ಅಂದರೆ ಚಿತ್ರದ ಬಣ್ಣಗಳ ಸಮತೋಲನ, ತಿದ್ದಿ ಸ್ವಲ್ಪ ಮಟ್ಟಿಗೆ ತೆಗೆಯಬಹುದು, ಆದರೆ ಕೆನ್ನೆಯ ಮೇಲೆ ಸುಟ್ಟು ಬೆಳ್ಳಗಾದ ಚುಕ್ಕೆಯಲ್ಲಿ ಚರ್ಮದ ವಿವರವೇ ದಾಖಲಾಗಿರುವುದಿಲ್ಲವಾದ್ದರಿಂದ ಅದನ್ನು ಯಾವ ತಂತ್ರಾಂಶವೂ ನಿಜವಾಗಿ ಮರಳಿ ತರಲಾರದು. ಅದೇ ಮಗುವನ್ನು ಕಾಫಿ ಒಣಗಿಸುವ ಕಣದ ಅಂಚಿಗೆ ಕರೆತಂದು, ಮರದ ದಟ್ಟ ನೆರಳಿನೊಳಗೇ ಇರಿಸಿ, ಮುಖ ಮಾತ್ರ ತೆರೆದ ಆಕಾಶದ ಕಡೆಗೆ ತಿರುಗುವಂತೆ ನಿಲ್ಲಿಸಿದ್ದರೆ ಬೆಳಕು ಮುಖದ ತುಂಬ ಸಮನಾಗಿ ಹರಡುತ್ತಿತ್ತು, ಕಣ್ಣುಗಳಲ್ಲಿ ಆಕಾಶದ ಸಣ್ಣ ಹೊಳಪೂ ಮೂಡುತ್ತಿತ್ತು. ಈ ಚಿತ್ರದಲ್ಲಿ ಕಣ್ಣುಗಳು ಮಂಕಾಗಿ ಕಾಣುವುದಕ್ಕೆ ಆ ಹೊಳಪು ಇಲ್ಲದಿರುವುದೇ ಕಾರಣ.

ಎರಡನೆಯ ಚಿತ್ರದಲ್ಲಿ ಮಗು ಕೊಡವರ ಸಾಂಪ್ರದಾಯಿಕ ನಿಲುವಂಗಿಯಾದ ಕಪ್ಪು ಕುಪ್ಯ ತೊಟ್ಟು, ಸೊಂಟಕ್ಕೆ ಕೆಂಪು ಚೇಲೆ ಎಂಬ ನಡುಪಟ್ಟಿ ಸುತ್ತಿಕೊಂಡು ನಿಂತಿದೆ. ಉಡುಪು ಅಷ್ಟು ಚೆನ್ನಾಗಿ ಮೂಡಿರುವಾಗ ಮುಖ ಯಾಕೆ ಸಪ್ಪೆಯಾಗಿ ಬೆಳ್ಳಗಾಗಿದೆ? ಬೆಳಕನ್ನು ಅಳೆಯುವ ಕ್ಯಾಮೆರಾದ ಮೀಟರ್ ಚೌಕಟ್ಟಿನಲ್ಲಿರುವುದನ್ನೆಲ್ಲ ಒಂದು ಮಧ್ಯಮ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಕಪ್ಪು ಬಟ್ಟೆಯೇ ಹೆಚ್ಚು ಜಾಗ ತುಂಬಿದಾಗ ಅದು ಬೆಳಕನ್ನು ಬೇಕಿರುವುದಕ್ಕಿಂತ ಹೆಚ್ಚಿಸಿಬಿಡುತ್ತದೆ. ಇಲ್ಲಿ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನು, ಅಂದರೆ ಮೀಟರ್ ಆರಿಸಿದ ಬೆಳಕನ್ನು ನಾವೇ ಹೆಚ್ಚು ಕಡಿಮೆ ಮಾಡುವ ಸೌಲಭ್ಯವನ್ನು, ಸುಮಾರು ಮುಕ್ಕಾಲು ಸ್ಟಾಪ್‌ನಷ್ಟು ಇಳಿಸಬೇಕಿತ್ತು (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ). ಮಡಿಕೇರಿಯ ರಾಜಾಸೀಟ್ ಉದ್ಯಾನದಲ್ಲಿ ಬೆಳಗಿನ ಮಂಜಿನ ನಡುವೆ ತೆಗೆದ ಮೂರನೆಯ ಚಿತ್ರದಲ್ಲಿ ಇದಕ್ಕೆ ಸರಿಯಾಗಿ ವಿರುದ್ಧವಾದುದು ನಡೆದಿದೆ: ಬಿಳಿ ಮಂಜನ್ನು ಮೀಟರ್ ಬೂದು ಮಾಡಿದೆ, ಮಗುವಿನ ಮುಖವೂ ಅದರ ಜೊತೆಗೆ ಕಪ್ಪಾಗಿದೆ. ಅಲ್ಲಿ ಏರಿಸಬೇಕು. ಕೊಡಗಿನಲ್ಲಿ ಚಿತ್ರ ತೆಗೆಯುವವರಿಗೆ ಈ ಎರಡೂ ಸಂದರ್ಭಗಳು ಮತ್ತೆ ಮತ್ತೆ ಎದುರಾಗುವುದರಿಂದ ಇದನ್ನು ಬಿಡಿಸಿ ಹೇಳುತ್ತಿದ್ದೇನೆ.

ಈ ಮೂರೂ ಚಿತ್ರಗಳನ್ನು ದೊಡ್ಡವರು ನಿಂತ ಎತ್ತರದಿಂದ ತೆಗೆಯಲಾಗಿದೆ. ಹಾಗಾಗಿ ತಲೆ ದೊಡ್ಡದಾಗಿ, ಕಾಲು ಮೋಟಾಗಿ ಕಾಣುತ್ತದೆ. ಮೊಣಕಾಲೂರಿ ಕುಳಿತು ಮಗುವಿನ ಕಣ್ಣಿನ ಮಟ್ಟಕ್ಕೆ ಇಳಿದರೆ ಸಾಕು. ತಲೆಯ ಹಿಂದೆ ಕೊಂಬಿನಂತೆ ಎದ್ದಿರುವ ವಿದ್ಯುತ್ ಕಂಬವೂ ಒಂದು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೆ ಮರೆಯಾಗುತ್ತಿತ್ತು.

ನನಗೆ ಬಹಳ ಇಷ್ಟವಾದದ್ದು ಕೊನೆಯ ಚಿತ್ರ. ಮಗು ಕಣದ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕೆಂಪು ಕಾಫಿ ಹಣ್ಣೊಂದನ್ನು ಹೆಬ್ಬೆರಳಿನಿಂದ ಒತ್ತಿ ಬೀಜ ಹೊರಬರುವುದನ್ನೇ ನೋಡುತ್ತಿದೆ. ತುಟಿ ಸ್ವಲ್ಪ ತೆರೆದಿದೆ, ಬೆರಳಿನ ತುದಿಯಲ್ಲಿ ಸಿಹಿ ಲೋಳೆ ಮಿನುಗುತ್ತಿದೆ. ಬೆಳಕು ಸಮನಾಗಿದೆ, ಫೋಕಸ್ ಹತ್ತಿರದ ಕಣ್ಣಿನ ರೆಪ್ಪೆಯ ಮೇಲೆ ಸರಿಯಾಗಿ ಕುಳಿತಿದೆ. ಬೆರಳು ಮಾತ್ರ ತುಸು ಅಲುಗಿದೆ. ಮಕ್ಕಳ ಕೈ ಸುಮ್ಮನಿರುವುದಿಲ್ಲವಾದ್ದರಿಂದ ಶಟರ್ ವೇಗವನ್ನು ಸೆಕೆಂಡಿನ 1/250 ಭಾಗಕ್ಕಿಂತ ನಿಧಾನವಾಗಲು ಬಿಡದೆ, ಬೆಳಕು ಸಾಲದಿದ್ದರೆ ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ, ಏರಿಸುವುದು ಒಳ್ಳೆಯದು. ತುಸು ಕಾಳು ಕಾಳಾಗಿ ಕಂಡರೂ ಚಿಂತೆಯಿಲ್ಲ. "ಇಲ್ಲಿ ನೋಡು, ನಗು" ಎಂದು ಹೇಳಿ ತೆಗೆದ ಮೂರು ಚಿತ್ರಗಳಲ್ಲಿ ಸಿಗದ ಮಗು ಇದರಲ್ಲಿ ಸಿಕ್ಕಿದೆ. ಅಚ್ಚು ಹಾಕಿಸುವುದಾದರೆ ಇದನ್ನೇ ಹಾಕಿಸಿ ಎಂದು ಅವರಿಗೆ ಹೇಳಿದ್ದೇನೆ.

ಹೂಮಳೆ ಬಿದ್ದು ತೋಟ ಬೆಳ್ಳಗೆ ಅರಳಿದಾಗ ಮತ್ತೆ ಪ್ರಯತ್ನಿಸುವುದಾಗಿ ಅವರು ತಿಳಿಸಿದ್ದಾರೆ. ಹೂವು ಕೆಲವೇ ದಿನ ನಿಲ್ಲುವುದರಿಂದ ಜಾಗವನ್ನು ಈಗಲೇ ನೋಡಿಟ್ಟುಕೊಳ್ಳಲಿ. ಗಿಡಗಳಿಂದ ಮಗುವನ್ನು ನಾಲ್ಕೈದು ಹೆಜ್ಜೆ ಮುಂದೆ ಕೂರಿಸಲಿ, ಬಿಳಿ ಹೂವಿನ ಹಿನ್ನೆಲೆಯೂ ಮಂಜಿನಂತೆಯೇ ಮೀಟರನ್ನು ದಾರಿ ತಪ್ಪಿಸುವುದರಿಂದ ಎಕ್ಸ್‌ಪೋಷರ್ ಅನ್ನು ತುಸು ಏರಿಸಿಕೊಳ್ಳಲಿ.