ಚೌಕ ಬಿದ್ದರೆ ನಾಲ್ಕು ಪದ

ಕೇಳುಗರಿಗೆ ನಮಸ್ಕಾರ.

ಚೌಕಾಬಾರ ಆಡಿದ್ದೀರಾ? ನಾಲ್ಕು ಕವಡೆ ಕುಲುಕಿ ನೆಲಕ್ಕೆ ಹಾಕಬೇಕು. ಎಷ್ಟು ಕವಡೆ ಬಾಯಿ ಮೇಲಾಗಿ ಬಿದ್ದವೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಮೇಲಾದರೆ ಚೌಕ. ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ನಮ್ಮ ಮನೆಯಲ್ಲಿ ಈಗ ಕವಡೆ ಬಿದ್ದರೆ ಕಾಯಿ ನಡೆಸುವುದಿಲ್ಲ, ಪುಸ್ತಕ ಹುಡುಕುತ್ತೇವೆ. ತಿಂಗಳ ಮೊದಲ ಭಾನುವಾರ ಒಬ್ಬೊಬ್ಬರೂ ಕವಡೆ ಹಾಕುವುದು. ಎಷ್ಟು ಬಿತ್ತೋ, ಹೆಸರಿನಲ್ಲಿ ಅಷ್ಟೇ ಪದ ಇರುವ ಪುಸ್ತಕವನ್ನು ಆ ತಿಂಗಳು ಓದಿ ಮುಗಿಸುವುದು.

ಇದೇನು ಹುಚ್ಚಾಟ ಅಂತೀರಾ? ನನ್ನ ಓದು ಗಾಣದ ಎತ್ತಿನ ಹಾಗೆ ಆಗಿತ್ತು. ಅದೇ ಇಬ್ಬರು ಮೂವರು ಲೇಖಕರು, ಲೈಬ್ರರಿಯಲ್ಲಿ ಅದೇ ಕಪಾಟು. ಬೇರೆ ಕಡೆ ಕೈ ಚಾಚಲು ಏನಾದರೂ ನೆಪ ಬೇಕಿತ್ತು. ಅತ್ತೆಯ ಕವಡೆ ಚೀಲ ನೆಪವಾಯಿತು.

ಆಟ ಶುರು ಮಾಡಿದ ಮೇಲೆ ಒಂದು ವಿಷಯ ಗೊತ್ತಾಯಿತು. ಕನ್ನಡಕ್ಕೆ ಎರಡು ಅಂದರೆ ಬಹಳ ಪ್ರೀತಿ. ಕಾರಂತರನ್ನೇ ನೋಡಿ: ಚೋಮನ ದುಡಿ, ಮರಳಿ ಮಣ್ಣಿಗೆ, ಬೆಟ್ಟದ ಜೀವ, ಮೂಕಜ್ಜಿಯ ಕನಸುಗಳು. ಎಲ್ಲವೂ ಎರಡೆರಡೇ ಪದ. ನಮ್ಮ ವಿಭಕ್ತಿ ಪದದ ಬಾಲಕ್ಕೇ ಅಂಟಿಕೊಳ್ಳುತ್ತದೆ, ಅಲ್ವಾ? ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂದಾಗ ಎರಡು ಪದ. ಇಂಗ್ಲಿಷಿಗೆ ಹೋದಾಗ ಅದು ‘ಬ್ರೈಡ್ ಇನ್ ದ ಹಿಲ್ಸ್’, ನಾಲ್ಕು ಪದ! ನಮ್ಮ ‘ಅಲ್ಲಿ’ ಮಲೆಗಳ ಜೊತೆಯಲ್ಲೇ ಕೂತಿದೆ. ಕವಡೆಗೂ ಎರಡೇ ಇಷ್ಟ. ಎರಡು ಮಗ್ಗುಲೂ ಸಮಾನವಾಗಿ ಬೀಳುತ್ತವೆ ಅಂದುಕೊಂಡರೆ, 16ರಲ್ಲಿ 6 ಸಲ ಎರಡು ಬೀಳಬೇಕು. ಚೌಕ ಒಂದೇ ಸಲ, ಬಾರವೂ ಒಂದೇ ಸಲ.

ಒಂದು ಬಿದ್ದರೆ ಸುಲಭ ಅಂದುಕೊಳ್ಳಬೇಡಿ. ನಮ್ಮ ಯಜಮಾನರಿಗೆ ಒಂದು ಬಿತ್ತು. ಖುಷಿಯಾಗಿ ಹೋಗಿ ಭೈರಪ್ಪನವರ ‘ಪರ್ವ’ ತಂದರು. ಹೆಸರು ಚಿಕ್ಕದು, ಪುಸ್ತಕ ದಿಂಬಿನಷ್ಟು. ಮಗ ಜಾಣ, ಒಂದು ಬಿದ್ದಾಗ ‘ಕರ್ವಾಲೊ’ ಹಿಡಿದು ಎರಡೇ ದಿನದಲ್ಲಿ ಮುಗಿಸಿ ಕೂತ.

ಆದರೆ ಮಾರನೇ ತಿಂಗಳು ಅವನಿಗೆ ಚೌಕ ಬಿತ್ತು. ಅವನು ಒಂಬತ್ತನೇ ಕ್ಲಾಸು. ‘ತಬ್ಬಲಿಯು ನೀನಾದೆ ಮಗನೆ’ ಕಾದಂಬರಿ ತಂದು ಮುಂದಿಟ್ಟ.

“ಇದು ಮೂರು ಪದ ಕಣೋ” ಅಂದೆ.

“ಇಲ್ಲಮ್ಮ, ನೀನಾದೆ ಅಂದ್ರೆ ನೀನು ಪ್ಲಸ್ ಆದೆ. ಲೋಪಸಂಧಿ. ಲೆಕ್ಕಕ್ಕೆ ನಾಲ್ಕು.”

ನನಗೆ ಉತ್ತರ ಹೊಳೆಯಲಿಲ್ಲ. ವ್ಯಾಕರಣ ಅವನ ಕಡೆಗಿತ್ತು. ಮೂಲೆಯಲ್ಲಿ ಹೂ ಕಟ್ಟುತ್ತಿದ್ದ ಅತ್ತೆ ತಲೆ ಎತ್ತದೆ ಹೇಳಿದರು: “ಅದು ಗೋವಿನ ಹಾಡಿನ ಸಾಲು. ನೀನು ಆದೆ ಅಂತ ಬಿಡಿಸಿ ಹಾಡು ನೋಡೋಣ, ಹಾಡಿದರೆ ನಾಲ್ಕು.” ಅವನು ಎರಡು ಸಲ ಪ್ರಯತ್ನಪಟ್ಟ. ತಾಳ ತಪ್ಪಿತು. ಪುಸ್ತಕ ವಾಪಸ್ ಹೋಯಿತು. ಅಂದಿನಿಂದ ಸಂಧಿ ಬಿಡಿಸುವ ಹಾಗಿಲ್ಲ, ಮುದ್ರಣದಲ್ಲಿ ಹೇಗಿದೆಯೋ ಹಾಗೆ. ಈ ನಿಯಮವೂ ಪೂರ್ತಿ ಗಟ್ಟಿಯಿಲ್ಲ ಅನ್ನಿ. ಬೇಂದ್ರೆಯವರ ‘ನಾಕುತಂತಿ’ಯನ್ನು ಕೆಲವರು ಕೂಡಿಸಿ ಬರೆಯುತ್ತಾರೆ, ಕೆಲವರು ಬಿಡಿಸಿ. ಅದರಲ್ಲಿ ಒಂದೋ ಎರಡೋ ಅಂತ ನಮ್ಮಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ನಿಜವಾದ ನಾಲ್ಕು ಪದ ಹುಡುಕಿ ಹುಡುಕಿ ಸಾಕಾಯಿತು. ಲೈಬ್ರರಿಯಲ್ಲಿ ಲೇಖಕರ ಹೆಸರು ಹೇಳಿದರೆ ಪುಸ್ತಕ ಕೊಡುತ್ತಾರೆ, ವಿಷಯ ಹೇಳಿದರೆ ಕೊಡುತ್ತಾರೆ. “ನಾಲ್ಕು ಪದದ್ದು ಕೊಡಿ” ಅಂದರೆ ಮುಖ ನೋಡುತ್ತಾರೆ! ಕೊನೆಗೆ, ನಾವು ಯಾವತ್ತೂ ನಿಲ್ಲದ ವಿಜ್ಞಾನದ ಕಪಾಟಿನಲ್ಲಿ ಸಿಕ್ಕಿತು: ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’. ಬರೆದವರು ಬಿ.ಜಿ.ಎಲ್. ಸ್ವಾಮಿ, ಸಸ್ಯಶಾಸ್ತ್ರದ ಮೇಷ್ಟ್ರು, ಡಿವಿಜಿ ಅವರ ಮಗ. ಮಗ ಅಡುಗೆಮನೆ ಕಟ್ಟೆ ಮೇಲೆ ಕೂತು ಓದಿ ಹೇಳುತ್ತಿದ್ದ. ನಾನು ಹುಳಿಗೆ ಒಗ್ಗರಣೆ ಹಾಕುತ್ತಿದ್ದೆ. ಮೆಣಸಿನಕಾಯಿ, ಆಲೂಗಡ್ಡೆ, ಕಡಲೆಕಾಯಿ, ಎಲ್ಲಾ ಸಮುದ್ರ ದಾಟಿ ಬಂದವಂತೆ. “ಬ್ಯಾಡಗಿ ಮೆಣಸಿನಕಾಯಿ ಕೂಡಾನಾ?” ಅಂತ ಅತ್ತೆ ಹೂ ಬುಟ್ಟಿ ಪಕ್ಕಕ್ಕಿಟ್ಟರು. ಅದೂ ಸಮುದ್ರ ದಾಟಿ ಬಂದದ್ದೇ ಅಂತ ತಿಳಿದು ಅವರಿಗೆ ಅರ್ಧ ದಿನ ಬೇಜಾರು.

ಬಾರ ಬಿದ್ದರೆ ಎಂಟು ಪದ ಎಲ್ಲಿಂದ ತರೋದು? ನಾಲ್ಕು ಪದದ ಎರಡು ಪುಸ್ತಕ ಓದಿದರೆ ಸಾಕು ಅಂತ ಮಾಡಿದ್ದೇವೆ. ನನಗೆ ಬಿದ್ದಾಗ ಮಗನ ಪುಸ್ತಕದ ಜೊತೆಗೆ ಕಾರಂತರ ಆತ್ಮಕಥೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ತಗೊಂಡೆ.

ಒಂದು ಅನ್ಯಾಯ ಮಾತ್ರ ಉಳಿದುಬಿಟ್ಟಿದೆ. ಕವಡೆಯಲ್ಲಿ ಐದು ಬೀಳುವುದೇ ಇಲ್ಲ. ಹಾಗಾಗಿ ತೇಜಸ್ವಿಯವರ ‘ಅಲೆಮಾರಿಯ ಅಂಡಮಾನ್ ಮತ್ತು ಮಹಾನದಿ ನೈಲ್’ ನಮ್ಮ ಆಟದಿಂದ ಹೊರಗೆ. ಈ ತಿಂಗಳು ಮಗನಿಗೆ ಬಿದ್ದಿದ್ದು ಮೂರು. ರಾತ್ರಿ ಹೊದಿಕೆಯೊಳಗೆ ಟಾರ್ಚ್ ಹಾಕಿಕೊಂಡು ಅವನು ಓದುತ್ತಿರುವುದು ಅದೇ ಐದು ಪದದ್ದು. ಅತ್ತೆಗೆ ಗೊತ್ತು. ಸುಮ್ನೆ ಮಗ್ಗುಲು ಬದಲಿಸಿ ಮಲಗುತ್ತಾರೆ.

ನಮಸ್ಕಾರ.