ಬಿಗ್ ಪನ್ ರ‍್ಯಾಪರ್. ಅಷ್ಟೇ, ಮುಂದೆ ಬಾಲ ಬೇಡ

ನಮಸ್ಕಾರ ನಮಸ್ಕಾರ. ಇವತ್ತಿಗೆ ಬೇರೆ ವಿಷಯ ರೆಡಿ ಇತ್ತು, ಪಕ್ಕಕ್ಕೆ ತಳ್ಳಿದ್ದೀನಿ. ಹೋದ ಎಪಿಸೋಡ್ ಕೆಳಗೆ ಒಬ್ಬ ಮಹಾನುಭಾವರು ಬರೆದಿದ್ದಾರೆ: "ಬ್ರೋ, ಬಿಗ್ ಪನ್ ಲ್ಯಾಟಿನೋಗಳ ಲೆಕ್ಕದಲ್ಲಿ ಪರವಾಗಿಲ್ಲ." ಕೆಳಗೆ ಹನ್ನೆರಡು ಲೈಕು. ಆ ಹನ್ನೆರಡು ಜನ ಯಾರು ಅಂತ ನನಗೆ ಗೊತ್ತಾಗಬೇಕು.

ಲ್ಯಾಟಿನೋ ಅಂದ್ರೆ ಲ್ಯಾಟಿನ್ ಅಮೆರಿಕ ಮೂಲದವರು. ಅವರ ಲೆಕ್ಕದಲ್ಲಿ ಅಂದ್ರೆ ಏನ್ ಗುರು? ಅವರಿಗೇನು ಬೇರೆ ಪ್ರಶ್ನೆಪತ್ರಿಕೆ ಕೊಟ್ಟಿದ್ರಾ? ಬಿಗ್ ಪನ್ ಅಂದ್ರೆ ಕ್ರಿಸ್ಟೋಫರ್ ರಿಯೋಸ್, 1971ರ ನವೆಂಬರ್ 10ಕ್ಕೆ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹುಟ್ಟಿದವನು, ಕೆರಿಬಿಯನ್ ದ್ವೀಪ ಪೋರ್ಟೊ ರಿಕೊ ಮೂಲದ ಮನೆ. ಬ್ರಾಂಕ್ಸ್ ಅಂದ್ರೆ ಹಿಪ್ ಹಾಪ್‌ನ ಹೆರಿಗೆ ವಾರ್ಡು. 1973ರಲ್ಲಿ ಸೆಡ್ಜ್‌ವಿಕ್ ಅವೆನ್ಯೂನಲ್ಲಿ ಡಿಜೆ ಕೂಲ್ ಹರ್ಕ್, ಹಿಪ್ ಹಾಪ್ ಹುಟ್ಟಿತು ಅಂತಾರಲ್ಲ, ಆ ಪಾರ್ಟಿ ಮಾಡಿದಾಗ ಈ ಕೂಸಿಗೆ ಎರಡು ವರ್ಷವೂ ತುಂಬಿರಲಿಲ್ಲ. ಶುರುವಿನ ಕಾಲದ ಕೋಲ್ಡ್ ಕ್ರಷ್ ಬ್ರದರ್ಸ್ ಗುಂಪಲ್ಲಿ ರೆಕಾರ್ಡ್ ತಿರುಗಿಸ್ತಿದ್ದ ಚಾರ್ಲಿ ಚೇಸ್ ಯಾರು? ಪೋರ್ಟೊ ರಿಕನ್. ಬ್ರೇಕ್ ಡ್ಯಾನ್ಸ್ ತಂಡ ರಾಕ್ ಸ್ಟೆಡಿ ಕ್ರೂನ ಕ್ರೇಜಿ ಲೆಗ್ಸ್? ಅವನೂ ಅದೇ. ಆ ಮನೆ ಕಟ್ಟೋವಾಗ ಇಟ್ಟಿಗೆ ಹೊತ್ತವರನ್ನ ನೀವು ಈಗ ನೆಂಟರು ಅಂತೀರಿ.

ಸರಿ, ಕೆಲಸ ನೋಡೋಣ. 'ಟ್ವಿನ್ಜ್' ಅಂತ ಒಂದು ಹಾಡು. ಡಾಕ್ಟರ್ ಡ್ರೇ, ಸ್ನೂಪ್ ಸೇರಿ 1992ರಲ್ಲಿ ಮಾಡಿದ 'ಡೀಪ್ ಕವರ್' ಬೀಟ್ ಮೇಲೆ ಪನ್, ಅವನ ಗೆಳೆಯ ಫ್ಯಾಟ್ ಜೋ ಇಬ್ಬರೂ ಹಾಡಿದ್ದು. ಅದರಲ್ಲಿ ನ್ಯೂಯಾರ್ಕಿನ ಇಟಲಿಯವರ ಬಡಾವಣೆ ಲಿಟಲ್ ಇಟಲಿ ಬಗ್ಗೆ ಒಂದು ಸಾಲಿದೆ. 'ಇಡ್ಲ್, ಇಡ್ಲ್' ಅನ್ನೋ ಒಂದೇ ಸದ್ದನ್ನ ಹಿಡ್ಕೊಂಡು, ಒಂದೇ ಉಸಿರಲ್ಲಿ, ಪದದ ಬೆನ್ನಿಗೆ ಪದ. ಇಡ್ಲಿ ಅಲ್ಲ ಮಾರಾಯ, ಇಡ್ಲ್. ನಮ್ಮ ಹುಡುಗರು ಸಾಲಿನ ಕೊನೇಲಿ ಒಂದು ಪ್ರಾಸ ಕೂರಿಸಿ ಮೀಸೆ ತಿರುವ್ತಾರೆ. ಇವನು ಸಾಲಿನ ಹೊಟ್ಟೆ ತುಂಬಾ ಪ್ರಾಸ ತುಂಬ್ತಾನೆ, ಆದ್ರೂ ಕಥೆ ತಪ್ಪಲ್ಲ, ತಾಳ ತಪ್ಪಲ್ಲ. ಇದರಲ್ಲಿ ಲ್ಯಾಟಿನೋ ಲೆಕ್ಕ ಎಲ್ಲಿ ಬಂತು? ಇದು ರ‍್ಯಾಪ್. ಅವನು ರ‍್ಯಾಪರ್.

ಮಧ್ಯದಲ್ಲಿ ಒಂದು ಮಾತು. ಪನ್ ಸಾಲುಗಳನ್ನ ನಿಧಾನಕ್ಕೆ ಬಿಡಿಸಿ ತೋರಿಸೋ ಒಂದು ಗಂಟೆ ವಿಡಿಯೋ ಮೆಂಬರ್‌ಗಳಿಗೆ ಹಾಕಿದ್ದೀನಿ. ತಿಂಗಳಿಗೆ ಎರಡು ಕಾಫಿ ದುಡ್ಡು. ಕಾಫಿ ಬಿಡಿ, ನಿದ್ದೆನಾದ್ರೂ ಬರುತ್ತೆ.

ಮುಂದೆ. ಅವನ ಮೊದಲ ಆಲ್ಬಮ್ 'ಕ್ಯಾಪಿಟಲ್ ಪನಿಶ್‌ಮೆಂಟ್', 1998ರ ಏಪ್ರಿಲ್. ಅಮೆರಿಕದ ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿಯಲ್ಲಿ 5ನೇ ಸ್ಥಾನ. ಪ್ಲಾಟಿನಂ, ಅಂದ್ರೆ ಹತ್ತು ಲಕ್ಷ ಪ್ರತಿ, ಮುಟ್ಟಿದ ಮೊದಲ ಲ್ಯಾಟಿನೋ ಸೋಲೋ ರ‍್ಯಾಪರ್. "ನೋಡಿ, ನೀವೇ ಲ್ಯಾಟಿನೋ ಅಂದ್ರಿ" ಅಂತ ಯಾರೋ ಈಗ ಟೈಪ್ ಮಾಡ್ತಿದ್ದೀರಿ. ನಿಲ್ಸಿ. ಮೊದಲಿಗ ಅನ್ನೋದು ಚರಿತ್ರೆ. ಲೆಕ್ಕದಲ್ಲಿ ಪರವಾಗಿಲ್ಲ ಅನ್ನೋದು ಕೊಬ್ಬು. ಗ್ರ್ಯಾಮಿಗೂ ನಾಮಿನೇಟ್ ಆಯ್ತು, ಜೇ-ಝಡ್ ಗೆದ್ದ. ಗೆದ್ದವನು ಸಮಾರಂಭಕ್ಕೇ ಬರಲಿಲ್ಲ, ಅದು ಬೇರೆ ಕಥೆ. ಪೈಪೋಟಿ ಯಾರ ಜೊತೆ ಇತ್ತು ನೋಡಿದ್ರಾ? ಜೇ-ಝಡ್ ಜೊತೆ!

"ಬರೀ ಎರಡು ಆಲ್ಬಮ್" ಅಂತ ಇನ್ನು ಕೆಲವರು. ಹೌದಪ್ಪಾ, ಸತ್ತ! ಇಪ್ಪತ್ತೆಂಟು ವರ್ಷಕ್ಕೆ, 2000ದ ಫೆಬ್ರವರಿ 7ಕ್ಕೆ, ಹೃದಯಾಘಾತ. ಆಗ ತೂಕ 300 ಕೆಜಿ ದಾಟಿತ್ತು. ನಾರ್ತ್ ಕೆರೊಲಿನಾದಲ್ಲಿ ತೂಕ ಇಳಿಸೋ ಚಿಕಿತ್ಸೆಗೆ ಸೇರಿ 36 ಕೆಜಿಯಷ್ಟು ಕಳ್ಕೊಂಡಿದ್ದ, ವಾಪಸ್ ಬಂದ ಮೇಲೆ ಮತ್ತೆ ಏರ್ತು. ಎರಡನೇ ಆಲ್ಬಮ್ 'ಯೆಆ ಬೇಬಿ' ಅವನು ಹೋದ ಎರಡು ತಿಂಗಳಿಗೆ ಬಂತು. ಸತ್ತವನ ಹತ್ರ ಮೂರನೇದು ಎಲ್ಲಿ ಅಂತ ಕೇಳೋರು ತಿಥಿ ಊಟದಲ್ಲೂ ಎರಡನೇ ಸಲ ಹೋಳಿಗೆ ಕೇಳೋ ಜನ.

ಹೆಂಡತಿಗೆ ಹೊಡೀತಿದ್ದ, ಅದನ್ನ ಯಾಕೆ ಹೇಳಲ್ಲ ಅಂತಾರೆ. ಹೇಳ್ತೀನಿ. ಹೊಡೆದದ್ದು ಕ್ಯಾಮೆರಾದಲ್ಲೇ ಇದೆ, ಆಮೇಲೆ ಸಾಕ್ಷ್ಯಚಿತ್ರದಲ್ಲಿ ಜಗತ್ತೇ ನೋಡಿದೆ. ಅದಕ್ಕೆ ನನ್ನತ್ರ ಸಮಜಾಯಿಷಿ ಇಲ್ಲ, ಕೊಡೋದೂ ಇಲ್ಲ. ಅದಕ್ಕೆ ಬೈಯಿರಿ, ನಾನೂ ಸೇರ್ತೀನಿ. ಅಜ್ಜ ಅಜ್ಜಿ ಯಾವ ದ್ವೀಪದಿಂದ ಬಂದ್ರು ಅನ್ನೋದಕ್ಕೆ ಮಾರ್ಕ್ಸ್ ಕತ್ತರಿಸ್ಬೇಡಿ.

"ಅವನ 'ಸ್ಟಿಲ್ ನಾಟ್ ಎ ಪ್ಲೇಯರ್' ಬರೀ ರೇಡಿಯೋ ಹಾಡು" ಅಂತಾನೂ ಅಂತಾರೆ. ರೇಡಿಯೋದಲ್ಲಿ ಬಂದ್ರೆ ಪಾಪವಾ? ನಿಮ್ಮ ಹಾಡು ಬರುತ್ತಾ? ನನ್ನದೂ ಬರಲ್ಲ, ಪರವಾಗಿಲ್ಲ.

2021ರಲ್ಲಿ ಬ್ರಾಂಕ್ಸ್‌ನ ಫೋರ್ಡಮ್ ರೋಡ್, ಗ್ರ್ಯಾಂಡ್ ಕಾನ್‌ಕೋರ್ಸ್ ಮೂಲೆಗೆ 'ಬಿಗ್ ಪನ್ ಪ್ಲಾಜಾ' ಅಂತ ಹೆಸರಿಟ್ರು. ಅಲ್ಲಿ 'ಲ್ಯಾಟಿನೋಗಳ ಲೆಕ್ಕದಲ್ಲಿ ಪ್ಲಾಜಾ' ಅಂತ ಬೋರ್ಡ್ ಹಾಕಿಲ್ಲ! ರ‍್ಯಾಪರ್! ರ‍್ಯಾ-ಪ-ರ್! ಇನ್ನೆಷ್ಟು ಸಲ ಹೇಳ್ಲಿ? ಬಾಲ ಬೇಡ, ಬ್ರಾಕೆಟ್ ಬೇಡ, ಕಂಡೀಷನ್ಸ್ ಅಪ್ಲೈ ಬೇಡ. ಕಾರಣ ಬೇಕಾ? ಕಾರಣ ನಾನು ಹೇಳ್ತಿದ್ದೀನಿ, ಸಾಕು. ಚಾನೆಲ್ ನಂದು.

ಎಡಿಟರ್ ಕೈ ತೋರಿಸ್ತಿದ್ದಾನೆ, ಕಿರುಚಬೇಡಿ ಅಂತ, ಮೈಕ್ ಒಡೆಯುತ್ತಂತೆ. ಆ ಹನ್ನೆರಡು ಲೈಕಿನವರೂ ಸಬ್‌ಸ್ಕ್ರೈಬ್ ಮಾಡಿ ಹೋಗಿ, ದ್ವೇಷದಿಂದ ಮಾಡಿದ್ರೂ ಲೆಕ್ಕಕ್ಕೆ ಬರುತ್ತೆ. ಮುಂದಿನ ವಾರ ಇನ್ನೊಂದು ಲ್ಯಾಟಿನೋ ಮೂಲದ ರ‍್ಯಾಪ್ ಗುಂಪು, ಸೈಪ್ರೆಸ್ ಹಿಲ್. ಅವರ ಬಗ್ಗೆ ಏನಾದ್ರೂ ಬರೆದ್ರೋ, ನೋಡ್ಕೊಳ್ತೀನಿ.